ಮೂಕವಾದ ಪ್ಲಗ್ ಪಾಯಿಂಟು

ಗೃಹಕೃತ್ಯಗಳಲ್ಲಿ ಅಲ್ಪವೆಂದು ತೋರಿ ದೊಡ್ಡ ಅನರ್ಥಕ್ಕೆ ಎಡೆಗೊಡುವ ವಿಷಯಗಳು ಹಲವಿವೆ. ಅವುಗಳಲ್ಲೊಂದನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ. ನಿನ್ನೆಯವರೆಗೆ ಮಿಕ್ಸಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ತಪ್ಪದೆ ನಡೆಸುತ್ತಿದ್ದ ಗೋಡೆಯ ಪ್ಲಗ್ ಪಾಯಿಂಟು ಈ ದಿನ ಮೂಕವಾಗುತ್ತದೆ. ಸ್ವಿಚ್ಚು ಹಾಕಿದರೆ ಟಕ್ಕೆಂಬ ಶಬ್ದವಾಗುವುದೇ ಹೊರತು ಯಂತ್ರವು ಅಲುಗುವುದಿಲ್ಲ. ಆಗ ಮನೆಯವರು ಮಾಡುವುದೇನು? ಒಬ್ಬರು ಅದನ್ನು ಅಂಗೈಯಿಂದ ತಟ್ಟುತ್ತಾರೆ. ಇನ್ನೊಬ್ಬರು ಪ್ಲಗ್ಗನ್ನು ಅತ್ತಿತ್ತ ಅಲುಗಿಸುತ್ತಾರೆ. ಮೂರನೆಯವರು, ಸಾಮಾನ್ಯವಾಗಿ ಮನೆಯ ಪ್ರಾಯದ ಹುಡುಗರು, "ಇದರಲ್ಲಿ ಕರೆಂಟೇ ಇಲ್ಲ" ಎಂದು ನಿರ್ಣಯಿಸಿ ಸ್ಕ್ರೂಡ್ರೈವರನ್ನು ಹುಡುಕಲು ಹೊರಡುತ್ತಾರೆ. ಈ ಮೂವರಲ್ಲಿ ಮೂರನೆಯವರ ವಿಷಯದಲ್ಲಿಯೇ ನಮಗೆ ಹೆಚ್ಚಿನ ಭಯ.

ಇದಕ್ಕೆ ಕಾರಣವನ್ನು ಮೊದಲಲ್ಲಿಯೇ ಹೇಳಿಬಿಡುತ್ತೇವೆ. ಪ್ಲಗ್ಗು ಕೆಲಸಮಾಡದೆ ಇರುವುದು ಒಂದು. ಅದರಲ್ಲಿ ವಿದ್ಯುತ್ತು ಇಲ್ಲದೆ ಇರುವುದು ಮತ್ತೊಂದು. ಇವೆರಡೂ ಒಂದೇ ಎಂದು ತಿಳಿಯುವುದೇ ಎಲ್ಲ ಅಪಾಯಗಳಿಗೂ ಮೂಲ. ಮಿಕ್ಸಿಯನ್ನು ತಿರುಗಿಸಲಾರದ ಪಾಯಿಂಟು ಮನುಷ್ಯನನ್ನು ಕೊಲ್ಲಬಲ್ಲದು. ಆದುದರಿಂದ ದೋಷವನ್ನು ಹುಡುಕುವ ಕ್ರಮವನ್ನೂ, ಹುಡುಕಾಟವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಗೃಹಸ್ಥರೆಲ್ಲರೂ ತಿಳಿದಿರತಕ್ಕದ್ದು.

ಬೆಂಗಳೂರಿಗೆ ವಿದ್ಯುಚ್ಛಕ್ತಿಯು ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯ ಧುಮುಕಿನಿಂದ ಉತ್ಪನ್ನವಾದ ಶಕ್ತಿಯು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪವು ಬೆಳಗಿತು. ಆದರೆ ನಗರದ ಹೊರವಲಯದ ಕಥೆ ಬೇರೆ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್, ೧೯೭೦ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯದ ಕೈಗಾರಿಕಾ ಪ್ರದೇಶ, ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಪ್ರಯತ್ನದಿಂದ ಮೊದಲಾದ ಎಲೆಕ್ಟ್ರಾನಿಕ್ ಸಿಟಿ, ಇವುಗಳ ಸುತ್ತಲಿನ ಹಳ್ಳಿಗಳು ನೋಡುನೋಡುತ್ತಿದ್ದ ಹಾಗೆಯೇ ಪಟ್ಟಣಗಳಾದುವು. ಒಂದಂತಸ್ತಿನ ಮನೆಯ ಮೇಲೆ ಎರಡಾಗಿ, ಎರಡರ ಮೇಲೆ ನಾಲ್ಕಾಗಿ, ಬಾಡಿಗೆಯ ಮನೆಗಳು ಎದ್ದುವು. ಎರಡು ದೀಪ, ಒಂದು ಫ್ಯಾನು, ಒಂದು ರೇಡಿಯೋ ಎಂದು ಲೆಕ್ಕಹಾಕಿ ಎಳೆದ ತಂತಿಗೆ ಈಗ ಬಟ್ಟೆ ಒಗೆಯುವ ಯಂತ್ರ, ಇಂಡಕ್ಷನ್ ಒಲೆ, ನೀರು ಶುದ್ಧಿಮಾಡುವ ಯಂತ್ರ, ಗೀಸರು ಇವೆಲ್ಲವೂ ಜೋತುಬಿದ್ದಿವೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಕಚೇರಿಯೇ ಮನೆಯೊಳಕ್ಕೆ ಬಂದುದರಿಂದ ಮಲಗುವ ಕೋಣೆಯ ಒಂದೇ ಪಾಯಿಂಟಿಗೆ ಹಗಲೆಲ್ಲ ಕೆಲಸವಾಯಿತು. ಇಂತಹ ಮನೆಗಳಲ್ಲಿ ಪ್ಲಗ್ಗು ಮೂಕವಾಗುವುದು ಆಶ್ಚರ್ಯವಲ್ಲ.

ಹುಡುಕುವುದಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ನಮ್ಮ ದೇಶದ ಪ್ಲಗ್ ಪಾಯಿಂಟಿನಲ್ಲಿ ಮೂರು ರಂಧ್ರಗಳಿವೆ. ಎದುರಿಗೆ ನಿಂತು ನೋಡಿದಾಗ ಕ್ರಮವಾಗಿ ಜೋಡಿಸಿದ ಪಾಯಿಂಟಿನಲ್ಲಿ ಬಲಗಡೆಯದು ಫೇಸು, ಎಡಗಡೆಯದು ನ್ಯೂಟ್ರಲು, ಮೇಲಿನ ದೊಡ್ಡ ರಂಧ್ರವು ಅರ್ತು, ಎಂದರೆ ಭೂಸಂಪರ್ಕ. ವಿದ್ಯುತ್ತು ಫೇಸಿನ ತಂತಿಯಿಂದ ಬಂದು, ಯಂತ್ರದಲ್ಲಿ ಕೆಲಸಮಾಡಿ, ನ್ಯೂಟ್ರಲಿನ ತಂತಿಯಿಂದ ಹಿಂದಿರುಗಬೇಕು. ಹೋಗುವ ದಾರಿ ಕೆಟ್ಟರೂ ಯಂತ್ರ ನಿಲ್ಲುತ್ತದೆ. ಬರುವ ದಾರಿ ಕೆಟ್ಟರೂ ಯಂತ್ರ ನಿಲ್ಲುತ್ತದೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಬಗೆಯಾಗಿ ತೋರುತ್ತವೆ. ಮೊದಲನೆಯದರಲ್ಲಿ ಪಾಯಿಂಟಿಗೆ ವಿದ್ಯುತ್ತೇ ಬಂದಿರುವುದಿಲ್ಲ. ಎರಡನೆಯದರಲ್ಲಿ ೨೩೦ ವೋಲ್ಟು ರಂಧ್ರದ ಬಾಯಲ್ಲಿ ಬಂದು ಕಾದು ಕುಳಿತಿರುತ್ತದೆ. ಹಿಂದಿರುಗಲು ದಾರಿಯಿಲ್ಲವಾದುದರಿಂದ ಸುಮ್ಮನಿದೆ. ಆ ದಾರಿಯನ್ನು ಮನುಷ್ಯನ ದೇಹವು ಒದಗಿಸಿತೆಂದರೆ ಅದು ಸುಮ್ಮನಿರುವುದಿಲ್ಲ.

ಮೂರನೆಯ ತಂತಿಯಾದ ಅರ್ತು ನಿತ್ಯದ ಕೆಲಸದಲ್ಲಿ ಭಾಗಿಯಲ್ಲ. ಆಪತ್ತಿಗೆ ಆಗುವ ನೆಂಟ. ಅದರ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದು ವ್ಯರ್ಥವಲ್ಲ. ಪ್ಲಗ್ಗನ್ನು ಸೇರಿಸುವಾಗ ರಕ್ಷಣೆಯು ಮೊದಲು ಸೇರಲಿ, ತೆಗೆಯುವಾಗ ಕಡೆಗೆ ಬಿಡಲಿ ಎಂದು ಹಾಗೆ ಮಾಡಿದ್ದಾರೆ. ಇದು ಕಡಿದುಹೋದರೂ ಯಂತ್ರವು ಎಂದಿನಂತೆಯೇ ನಡೆಯುವುದರಿಂದ ಇದರ ಅಭಾವವು ಯಾರಿಗೂ ತಿಳಿಯುವುದಿಲ್ಲ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಇನ್ನು ಹುಡುಕುವ ಕ್ರಮ. ಯಾವುದನ್ನೂ ಬಿಚ್ಚದೆ, ಕೈಯಲ್ಲಿ ಆಯುಧವಿಲ್ಲದೆ, ಬರಿಯ ವಿಚಾರದಿಂದಲೇ ತಿಳಿಯತಕ್ಕ ಸಂಗತಿಗಳು ಬಹಳವಿವೆ. ನಮ್ಮ ತಾರ್ಕಿಕರು ಕಾರಣವನ್ನು ನಿಶ್ಚಯಿಸುವುದಕ್ಕೆ ಅನ್ವಯ, ವ್ಯತಿರೇಕ ಎಂಬ ಎರಡು ಸಾಧನಗಳನ್ನು ಹೇಳಿದ್ದಾರೆ. ಒಂದು ಇದ್ದಲ್ಲಿ ಮತ್ತೊಂದೂ ಇರುವುದು ಅನ್ವಯ. ಒಂದು ಇಲ್ಲದಲ್ಲಿ ಮತ್ತೊಂದೂ ಇಲ್ಲದಿರುವುದು ವ್ಯತಿರೇಕ. ಇಸ್ತ್ರಿಪೆಟ್ಟಿಗೆ ಕಾಯಲಿಲ್ಲವೋ, ಅದನ್ನು ನಿಸ್ಸಂದೇಹವಾಗಿ ಕೆಲಸಮಾಡುವ ಬೇರೊಂದು ಪಾಯಿಂಟಿಗೆ ಹಾಕಿ ನೋಡುವುದು. ಅಲ್ಲಿ ಕಾದರೆ ಪೆಟ್ಟಿಗೆಯು ನಿರ್ದೋಷಿ. ಅನಂತರ ನಿಸ್ಸಂದೇಹವಾಗಿ ಉರಿಯುವ ಒಂದು ಮೇಜುದೀಪವನ್ನು ತಂದು ಈ ಪಾಯಿಂಟಿಗೆ ಹಾಕುವುದು. ಅದೂ ಉರಿಯದಿದ್ದರೆ ದೋಷವು ಪಾಯಿಂಟಿನಲ್ಲಿಯೋ ಅದರ ಹಿಂದೆಯೋ ಇದೆಯೆಂದಾಯಿತು. ಈ ಎರಡು ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಮಾಡಿ ನಿಲ್ಲಿಸಿದರೆ ಸಂಶಯವು ಉಳಿಯುತ್ತದೆ. ಕೆಟ್ಟ ಇಸ್ತ್ರಿಪೆಟ್ಟಿಗೆಗಾಗಿ ಒಳ್ಳೆಯ ಗೋಡೆಯನ್ನು ಒಡೆದವರುಂಟು.

ದೋಷವು ಪಾಯಿಂಟಿನ ಕಡೆಗೆ ಇದೆಯೆಂದು ತಿಳಿದಮೇಲೆ ಅದರ ವ್ಯಾಪ್ತಿಯನ್ನು ಅಳೆಯಬೇಕು. ಇದೊಂದೇ ಪಾಯಿಂಟೋ, ಈ ಬೋರ್ಡಿನಲ್ಲಿರುವುದೆಲ್ಲವೋ, ಈ ಕೋಣೆಯೋ, ಅರ್ಧ ಮನೆಯೋ, ನೆರೆಮನೆಯವರಿಗೂ ಹೀಗೆಯೋ ಎಂದು ನೋಡಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಚುಕಿ ನೋಡುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ನಡೆಯದು. ತಲೆಯ ಮೇಲೆ ದೀಪ ಉರಿಯುತ್ತಿದೆಯೆಂದ ಮಾತ್ರಕ್ಕೆ ಮನೆಗೆಲ್ಲ ವಿದ್ಯುತ್ತು ಬಂದಿದೆಯೆಂದು ಹೇಳುವಂತಿಲ್ಲ. ಬೆಂಗಳೂರಿನ ಮನೆಗಳಲ್ಲಿ ಜನರು ಯು.ಪಿ.ಎಸ್. ಎಂದು ಕರೆಯುವ ಬ್ಯಾಟರಿಯ ಯಂತ್ರಕ್ಕೆ ದೀಪ, ಫ್ಯಾನುಗಳನ್ನು ಮಾತ್ರ ಸೇರಿಸಿ, ಗೀಸರು, ಇಸ್ತ್ರಿಗಳ ದೊಡ್ಡ ಪಾಯಿಂಟುಗಳನ್ನು ಬಿಟ್ಟಿರುವುದು ವಾಡಿಕೆ. ಬೀದಿಯಲ್ಲಿ ಕರೆಂಟು ಹೋಗಿದ್ದರೂ ದೀಪವು ಉರಿಯುತ್ತಲೇ ಇರುವುದು. ದೊಡ್ಡ ಪಾಯಿಂಟು ಮಾತ್ರ ಸುಮ್ಮನಿರುವುದು. ಇದು ದೋಷವಲ್ಲ, ವ್ಯವಸ್ಥೆ. ಅಪಾರ್ಟ್‌ಮೆಂಟುಗಳಲ್ಲಿ ಡೀಸೆಲ್ ಜನರೇಟರು ನಡೆಯುವಾಗಲೂ ಮನೆಗಿಷ್ಟೇ ಎಂಬ ಮಿತಿಯಿರುವುದುಂಟು.

ಮೂರು ಫೇಸಿನ ಸಂಪರ್ಕವಿರುವ ಮನೆಗಳಲ್ಲಿ ಮತ್ತೊಂದು ವಿಶೇಷವಿದೆ. ಮೂರರಲ್ಲಿ ಒಂದು ಫೇಸು ಬೀದಿಯಲ್ಲಿಯೇ ಕಡಿದರೆ ಮನೆಯ ಮೂರನೆಯ ಒಂದು ಭಾಗ ಮಾತ್ರ ಕತ್ತಲಾಗುತ್ತದೆ. ನೆರೆಯವರಿಗೂ ಹಾಗೆಯೇ ಆಗಿದ್ದರೆ ಮನೆಯಲ್ಲಿ ಹುಡುಕಿ ಫಲವಿಲ್ಲ. ಬೆಸ್ಕಾಮಿನ ೧೯೧೨ಕ್ಕೆ ಕರೆಮಾಡಿ ತಿಳಿಸುವುದೇ ಕರ್ತವ್ಯ. ಆದರೆ ಒಂದು ಕೋಣೆಯ ದೀಪವು ಎಂದಿಗಿಂತ ಮಂಕಾಗಿ, ಇನ್ನೊಂದು ಕೋಣೆಯದು ಎಂದಿಗಿಂತ ಪ್ರಖರವಾಗಿ ಉರಿಯತೊಡಗಿದರೆ ಕ್ಷಣಮಾತ್ರವೂ ತಡೆಯದೆ ಮೈನ್ ಸ್ವಿಚ್ಚನ್ನು ಆರಿಸಬೇಕು. ಅದು ಮೂಲದ ನ್ಯೂಟ್ರಲು ಕಡಿದಿರುವುದರ ಲಕ್ಷಣ. ಆಗ ಒಂದು ಭಾಗಕ್ಕೆ ವೋಲ್ಟೇಜು ಮಿತಿಮೀರಿ ಹೋಗಿ ಫ್ರಿಜ್ಜು, ಟೆಲಿವಿಷನ್ನುಗಳು ಒಟ್ಟಿಗೆ ಸುಟ್ಟುಹೋಗುವುದುಂಟು.

ಒಂದು ಬೋರ್ಡೋ ಒಂದು ಕೋಣೆಯೋ ಮಾತ್ರ ಸುಮ್ಮನಾಗಿದ್ದರೆ ಮುಂದಿನ ಹೆಜ್ಜೆ ಮೀಟರಿನ ಬಳಿಯಲ್ಲಿಯೋ ಬಾಗಿಲ ಹಿಂದೆಯೋ ಇರುವ ಪೆಟ್ಟಿಗೆ. ಇದರಲ್ಲಿ ಎರಡು ಬಗೆಯ ಕಾವಲುಗಾರರಿದ್ದಾರೆ. ಎಂ.ಸಿ.ಬಿ. ಎಂಬುದು ತಂತಿಯ ಕಾವಲು: ತಂತಿ ತಾಳುವುದಕ್ಕಿಂತ ಹೆಚ್ಚು ಪ್ರವಾಹ ಹರಿದರೆ ಬೀಳುತ್ತದೆ. ಆರ್.ಸಿ.ಸಿ.ಬಿ. ಎಂಬುದು ಮನುಷ್ಯನ ಕಾವಲು: ಹೋದ ಪ್ರವಾಹವನ್ನೂ ಬಂದ ಪ್ರವಾಹವನ್ನೂ ತೂಗಿನೋಡಿ, ಲೆಕ್ಕ ತಪ್ಪಿದರೆ, ಎಂದರೆ ಎಲ್ಲಿಯೋ ನೆಲಕ್ಕೆ ಸೋರುತ್ತಿದ್ದರೆ ಬೀಳುತ್ತದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ ೩೦ ಮಿಲಿ ಆಂಪಿಯರಿನದು. ಅದು ಎಷ್ಟು ಸ್ವಲ್ಪವೆಂದರೆ, ೯ ವ್ಯಾಟಿನ ಒಂದು ಎಲ್.ಇ.ಡಿ. ದೀಪವೂ ಸುಮಾರು ೪೦ ಮಿಲಿ ಆಂಪಿಯರಿನಷ್ಟು ಎಳೆಯುತ್ತದೆ. ಕೋಣೆಯನ್ನು ಬೆಳಗುವ ಅಷ್ಟೇ ಪ್ರವಾಹವು ಎದೆಯ ಮೂಲಕ ಸ್ವಲ್ಪ ಕಾಲ ಹರಿದರೆ ಹೃದಯದ ಗತಿಯು ಕೆಡಬಹುದು.

ಬಿದ್ದಿರುವ ಸ್ವಿಚ್ಚು ಕೆಲವೊಮ್ಮೆ ಪೂರ್ತಿ ಕೆಳಗೆ ಬರದೆ ನಡುವೆ ನಿಂತಿರುತ್ತದೆ. ಅದನ್ನು ಪೂರ್ತಿ ಕೆಳಗೊತ್ತಿ ಅನಂತರ ಮೇಲೆತ್ತಬೇಕು. ಎತ್ತುವ ಮೊದಲು ಆ ದಾರಿಯ ಯಂತ್ರಗಳನ್ನೆಲ್ಲ ಪಾಯಿಂಟಿನಿಂದ ಕಿತ್ತಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದೆ ಎಂದು ಕೇಳಬಹುದು. ಸಾಲದು; ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲಿನಿಂದ ಭೂಮಿಗೆ ಸೋರುವ ದೋಷವಿದ್ದರೆ ಸ್ವಿಚ್ಚು ಆರಿದ್ದರೂ ಆರ್.ಸಿ.ಸಿ.ಬಿ. ಬೀಳುತ್ತದೆ. ಎಲ್ಲವನ್ನೂ ಕಿತ್ತಮೇಲೆ ಕಾವಲುಗಾರನು ನಿಂತನೋ, ಒಂದೊಂದಾಗಿ ಸೇರಿಸುತ್ತ ಬರುವುದು. ಯಾವುದನ್ನು ಸೇರಿಸಿದಾಗ ಬಿದ್ದನೋ ಅದೇ ಅಪರಾಧಿ. ಎಲ್ಲವನ್ನೂ ಕಿತ್ತಮೇಲೂ ನಿಲ್ಲದಿದ್ದರೆ ದೋಷವು ಗೋಡೆಯೊಳಗಿದೆ. ಮಳೆಗಾಲದ ತೇವವೋ, ಇಲಿ ಕಡಿದ ತಂತಿಯೋ, ಪಟ ತೂಗುಹಾಕಲು ಹೊಡೆದ ಮೊಳೆಯೋ ಕಾರಣವಾಗಿರಬಹುದು. ಒಮ್ಮೆ ಎತ್ತಿ ಮತ್ತೆ ಬಿದ್ದುದನ್ನು ಮೂರನೆಯ ಬಾರಿ ಹಟದಿಂದ ಎತ್ತಕೂಡದು. ಪದೇಪದೇ ಬೀಳುತ್ತದೆಂದು ದೊಡ್ಡ ಅಳತೆಯ ಎಂ.ಸಿ.ಬಿ.ಯನ್ನು ಹಾಕಿಸುವುದೂ, ಹಳೆಯ ಮನೆಗಳ ಫ್ಯೂಜಿಗೆ ದಪ್ಪ ತಂತಿ ಸುತ್ತುವುದೂ, ಕಳ್ಳನನ್ನು ಕಂಡು ಬೊಗಳಿತೆಂದು ನಾಯಿಯನ್ನು ಓಡಿಸಿದಂತೆ.

ಪೆಟ್ಟಿಗೆಯಲ್ಲಿ ಎಲ್ಲವೂ ಸರಿಯಾಗಿದ್ದು, ಒಂದು ಪಾಯಿಂಟು ಮಾತ್ರ ಮೂಕವಾಗಿದ್ದರೆ ಜನರು ಟೆಸ್ಟರನ್ನು ತೆಗೆಯುತ್ತಾರೆ. ಇಲ್ಲಿಯೇ ನಾವು ಬಹಳ ಎಚ್ಚರದಿಂದ ನಡೆಯಬೇಕಾದುದು. ಟೆಸ್ಟರು ಬೆಳಗಿದರೆ ವಿದ್ಯುತ್ತಿದೆಯೆಂದು ಭಾವಿಸಿ ದೂರ ಸರಿಯುವುದು ಸರಿಯೆ. ಬೆಳಗದಿದ್ದರೆ ವಿದ್ಯುತ್ತಿಲ್ಲವೆಂದು ಹೇಳಬಹುದೆ?

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಬೇರೊಂದು ಸಂದರ್ಭದಲ್ಲಿ ಚೆನ್ನಾಗಿ ವಿಚಾರಿಸಿದ್ದಾರೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಎಂಬುದನ್ನು ಒಂದು ಪ್ರಮಾಣವೆಂದೇ ಒಪ್ಪುತ್ತಾರೆ. ನೆಲದ ಮೇಲೆ ಕೊಡವು ಕಾಣಲಿಲ್ಲ, ಆದುದರಿಂದ ಕೊಡವಿಲ್ಲ. ಆದರೆ ಅವರು ಒಂದು ನಿಬಂಧನೆಯನ್ನು ಹೇಳಿದ್ದಾರೆ: ಕೊಡವು ಇದ್ದಿದ್ದರೆ ಕಂಡೇ ತೀರುತ್ತಿತ್ತು ಎಂಬ ಯೋಗ್ಯತೆಯಿರಬೇಕು. ಬೆಳಕಿರುವ ಕೋಣೆಯಲ್ಲಿ ಕಾಣದಿದ್ದರೆ ಕೊಡವಿಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಟೆಸ್ಟರಿನ ವಿಷಯವೂ ಹೀಗೆಯೇ. ಅದರೊಳಗಿನ ಚಿಕ್ಕ ನಿಯಾನ್ ದೀಪವು ಬೆಳಗಬೇಕಾದರೆ ಅತ್ಯಲ್ಪ ಪ್ರವಾಹವು ನಮ್ಮ ದೇಹದ ಮೂಲಕ ನೆಲವನ್ನು ಸೇರಬೇಕು. ಒಣಗಿದ ಮರದ ಸ್ಟೂಲಿನ ಮೇಲೆ ರಬ್ಬರು ಚಪ್ಪಲಿ ಮೆಟ್ಟಿ ನಿಂತವನ ಕೈಯಲ್ಲಿ ಅದು ಬೆಳಗದೆ ಇರಬಹುದು, ಬಿಸಿಲಿನಲ್ಲಿ ಬೆಳಗಿದರೂ ಕಾಣದಿರಬಹುದು, ದೀಪವೇ ಕೆಟ್ಟಿರಬಹುದು. ಅದಕ್ಕಾಗಿಯೇ ತಿಳಿದ ಕೆಲಸಗಾರರು ಮೊದಲು ವಿದ್ಯುತ್ತು ಇದೆಯೆಂದು ಗೊತ್ತಿರುವ ಪಾಯಿಂಟಿನಲ್ಲಿ ಟೆಸ್ಟರನ್ನು ಪರೀಕ್ಷಿಸಿ, ಅನಂತರ ಸಂಶಯದ ಪಾಯಿಂಟನ್ನು ಪರೀಕ್ಷಿಸಿ, ಮತ್ತೊಮ್ಮೆ ಗೊತ್ತಿರುವಲ್ಲಿಗೆ ಬಂದು ಪರೀಕ್ಷಿಸುತ್ತಾರೆ. ಸಾಕ್ಷಿಯ ಮಾತನ್ನು ನಂಬುವ ಮೊದಲು ಸಾಕ್ಷಿಯನ್ನೇ ಪರೀಕ್ಷಿಸುವ ಕ್ರಮವಿದು.

ನಮ್ಮ ಪರಿಚಯದ ಕುಟುಂಬವೊಂದು ಪೀಣ್ಯದ ಸಮೀಪ ದಾಸರಹಳ್ಳಿಯ ಕಡೆ ಎರಡನೆಯ ಅಂತಸ್ತಿನ ಬಾಡಿಗೆ ಮನೆಯಲ್ಲಿದೆ. ಒಂದು ಬೆಳಗ್ಗೆ ಅಡಿಗೆಮನೆಯ ಫ್ರಿಜ್ಜು ನಿಂತುಹೋಗಿತ್ತು. ಅದರಲ್ಲಿ ಹಾಲು ಮೊಸರುಗಳಷ್ಟೇ ಅಲ್ಲದೆ ಮನೆಯ ಯಜಮಾನರ ಇನ್ಸುಲಿನ್ ಔಷಧವೂ ಇತ್ತು. ಕಾರ್ಖಾನೆಗೆ ಹೊರಟಿದ್ದ ಮಗನು ಅವಸರದಲ್ಲಿ ಫ್ರಿಜ್ಜಿನ ಪ್ಲಗ್ಗನ್ನು ಕಿತ್ತು ಬೋರ್ಡಿನ ತಿರುಪುಗಳಿಗೆ ಕೈಹಾಕಿದನು. "ಇರಪ್ಪಾ, ಮೊದಲು ಕೆಳಗೆ ಹೋಗಿ ಮೈನ್ ಆಫ್ ಮಾಡು," ಎಂದರು ತಾಯಿ. "ಕರೆಂಟೇ ಇಲ್ವಲ್ಲಮ್ಮಾ, ಆಫ್ ಮಾಡೋದೇನು?" ಎಂದು ಅವನ ಉತ್ತರ. ಆಕೆ ಒಪ್ಪಲಿಲ್ಲ. ಔಷಧವನ್ನು ಪಕ್ಕದ ಮನೆಯ ಫ್ರಿಜ್ಜಿಗೆ ಕಳುಹಿಸಿ, ವೈರ್‌ಮನ್ನನಿಗೆ ಹೇಳಿಕಳುಹಿಸಿದರು. ಅವನು ಬಂದು ಪರೀಕ್ಷಿಸಿದಾಗ ಫೇಸಿನ ರಂಧ್ರದಲ್ಲಿಯೂ ಟೆಸ್ಟರು ಬೆಳಗಿತು. ನ್ಯೂಟ್ರಲಿನ ರಂಧ್ರದಲ್ಲಿಯೂ ಬೆಳಗಿತು! ಒಳಗಾಗಿದ್ದುದು ಇಷ್ಟೆ: ಅದೇ ಬೋರ್ಡಿನ ಮೊದಲ ಪಾಯಿಂಟಿನಲ್ಲಿ ದಿನವೂ ಇಂಡಕ್ಷನ್ ಒಲೆ ಹಚ್ಚಿ ಹಚ್ಚಿ ನ್ಯೂಟ್ರಲಿನ ತಿರುಪು ಸಡಿಲವಾಗಿ ತಂತಿ ಸುಟ್ಟು ಕಡಿದಿತ್ತು. ಅಲ್ಲಿಂದ ಮುಂದಿನ ಪಾಯಿಂಟುಗಳಿಗೆ ಫೇಸು ಬರುತ್ತಿತ್ತು, ಹಿಂದಿರುಗುವ ದಾರಿಯಿರಲಿಲ್ಲ. ಪಕ್ಕದ ಪಾಯಿಂಟಿಗೆ ಹಾಕಿದ್ದ ನೀರಿನ ಯಂತ್ರದ ಒಳಗಿನಿಂದ ಹಾದು ಬಂದ ಫೇಸು ನ್ಯೂಟ್ರಲಿನ ರಂಧ್ರದಲ್ಲಿಯೂ ಬಂದು ನಿಂತಿತ್ತು. ಅರ್ಧ ಘಂಟೆಯಲ್ಲಿ ಕೆಲಸ ಮುಗಿಯಿತು. ತಾಯಿಗೆ ವಿದ್ಯುಚ್ಛಾಸ್ತ್ರವು ತಿಳಿಯದು. ಕಾಣದಿರುವುದನ್ನು ಇಲ್ಲವೆನ್ನಬಾರದೆಂಬುದು ತಿಳಿದಿತ್ತು.

ಸಡಿಲವಾದ ತಿರುಪು ಇಷ್ಟು ಅನರ್ಥವನ್ನು ಹೇಗೆ ಮಾಡುತ್ತದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಸುತ್ತೇವೆ. ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ತಡೆಯಿಂದ ಗುಣಿಸಿದಷ್ಟು. ಸಡಿಲ ಜೋಡಣೆಯಲ್ಲಿ ಅರ್ಧ ಓಮಿನಷ್ಟು ತಡೆಯುಂಟಾಯಿತೆಂದೂ ೧೦ ಆಂಪಿಯರು ಹರಿಯಿತೆಂದೂ ಭಾವಿಸಿರಿ. ಹತ್ತರ ವರ್ಗ ನೂರು, ಅದರ ಅರ್ಧ ೫೦ ವ್ಯಾಟು. ಬೆಸುಗೆ ಹಾಕುವ ಕಡ್ಡಿಯಷ್ಟು ಶಾಖವು ಕಡಲೆಯ ಗಾತ್ರದ ಸ್ಥಳದಲ್ಲಿ, ಪ್ಲಾಸ್ಟಿಕ್ಕಿನ ಮಧ್ಯೆ, ಗೋಡೆಯೊಳಗೆ ಹುಟ್ಟುತ್ತದೆ. ಎಂ.ಸಿ.ಬಿ.ಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಪ್ರವಾಹವು ಮಿತಿಯೊಳಗೇ ಇದೆ. ಆದುದರಿಂದ ಪ್ಲಗ್ಗು ಮುಟ್ಟಿದರೆ ಬಿಸಿಯಾಗುವುದು, ಪಾಯಿಂಟಿನ ಸುತ್ತ ಕಂದುಬಣ್ಣ ಬರುವುದು, ಚಿಟಪಟ ಶಬ್ದ, ಕೊಳೆತ ಮೀನಿನಂತಹ ಸುಟ್ಟ ನಾತ, ಇವು ಕಂಡೊಡನೆ ಅದನ್ನು ಆರಿಸಿ ಉಪಯೋಗವನ್ನು ನಿಲ್ಲಿಸಬೇಕು. ಪೂರ್ತಿ ಸಾಯುವವರೆಗೆ ಕಾಯಕೂಡದು.

ಇದೇ ಲೆಕ್ಕದಿಂದ ಯಾವ ಯಂತ್ರಕ್ಕೆ ಯಾವ ಪಾಯಿಂಟು ಎಂಬುದೂ ತಿಳಿಯುತ್ತದೆ. ಚಿಕ್ಕ ಪಾಯಿಂಟು ೬ ಆಂಪಿಯರಿನದು. ೨೩೦ರಿಂದ ಗುಣಿಸಿದರೆ ೧೩೮೦ ವ್ಯಾಟು ಅದರ ಮಿತಿ. ೨೦೦೦ ವ್ಯಾಟಿನ ಗೀಸರು ಸುಮಾರು ೮.೭ ಆಂಪಿಯರು ಎಳೆಯುವುದರಿಂದ ಅದಕ್ಕೆ ೧೬ ಆಂಪಿಯರಿನ ದೊಡ್ಡ ಪಾಯಿಂಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ನಾಲ್ಕು ಬಾಯಿಗಳಿದ್ದರೂ ಅದರ ಗಂಟಲು ಒಂದೇ. ಮತ್ತೊಂದು ದುರಭ್ಯಾಸವನ್ನೂ ಇಲ್ಲಿಯೇ ಖಂಡಿಸುತ್ತೇವೆ. ಮಕ್ಕಳು ಕಡ್ಡಿ ಚುಚ್ಚದಿರಲೆಂದು ಈಗಿನ ಪಾಯಿಂಟುಗಳ ರಂಧ್ರಗಳಿಗೆ ಒಳಗೆ ಮುಚ್ಚಳವಿರುತ್ತದೆ. ಅರ್ತಿನ ಕಡ್ಡಿ ಹೋದರೆ ಅದು ತೆರೆಯುತ್ತದೆ. ಎರಡು ಕಡ್ಡಿಯ ಪ್ಲಗ್ಗನ್ನು ಸೇರಿಸಲು ಕೆಲವರು ಮೇಲಿನ ರಂಧ್ರಕ್ಕೆ ಪೆನ್ನನ್ನೋ ಸ್ಕ್ರೂಡ್ರೈವರನ್ನೋ ತುರುಕುತ್ತಾರೆ. ಹಳೆಯ ಮನೆಗಳಲ್ಲಿ ತಂತಿಗಳನ್ನು ಅದಲುಬದಲು ಸೇರಿಸಿರುವುದುಂಟಾದುದರಿಂದ ಇದು ಪ್ರಾಣದೊಡನೆ ಆಡುವ ಪಗಡೆ. ಅದಲ್ಲದೆ, ಎತ್ತರದಲ್ಲಿ ನಡೆಯುವ ಈ ಚಮತ್ಕಾರವನ್ನು ಕೆಳಗಿನಿಂದ ನೋಡುವ ಮಗು ನಾಳೆ ತಾನೂ ಮಾಡುತ್ತದೆ.

ಈಚೆಗೆ ಬೆಂಗಳೂರಿನ ಕೆಲವು ಕುಟುಂಬಗಳು ರಜೆಯಲ್ಲಿ ಮಲಗುವ, ಅಡಿಗೆಮಾಡುವ ಅನುಕೂಲಗಳುಳ್ಳ ಕ್ಯಾರವಾನ್ ವಾಹನಗಳನ್ನು ಬಾಡಿಗೆಗೆ ಪಡೆದು ಹಂಪೆಯ ಕಡೆಗೋ ಕೊಡಗಿನ ಕಡೆಗೋ ಹೋಗುವುದುಂಟು. ಚಕ್ರದ ಮೇಲಿನ ಈ ಮನೆಯಲ್ಲಿ ಪ್ಲಗ್ಗು ಮೂಕವಾದರೂ ಮೇಲಿನ ಕ್ರಮವೇ ಸಲ್ಲುತ್ತದೆ; ಮೂರು ವಿಶೇಷಗಳನ್ನು ಮಾತ್ರ ಅರಿತಿರಬೇಕು. ಮೊದಲನೆಯದಾಗಿ, ಅದರಲ್ಲಿ ಶಕ್ತಿಗೆ ಎರಡು ಮೂಲಗಳು. ಒಂದು ತಂಗುವ ಸ್ಥಳದ ಕಂಬದಿಂದ ದಪ್ಪ ಕೇಬಲಿನ ಮೂಲಕ ಬರುವುದು. ಮತ್ತೊಂದು ವಾಹನದ ೧೨ ವೋಲ್ಟಿನ ಬ್ಯಾಟರಿ. ದೀಪ, ಪಂಪುಗಳು ಬ್ಯಾಟರಿಯಿಂದ ನಡೆಯುತ್ತಿರುವಾಗ ೨೩೦ ವೋಲ್ಟಿನ ಪಾಯಿಂಟು ಸುಮ್ಮನಿದ್ದರೆ ಕಂಬದ ಸ್ವಿಚ್ಚನ್ನೂ ಕೇಬಲಿನ ತುದಿಗಳನ್ನೂ ವಾಹನದ ಎಂ.ಸಿ.ಬಿ., ಆರ್.ಸಿ.ಸಿ.ಬಿ.ಗಳನ್ನೂ ಕ್ರಮವಾಗಿ ನೋಡಬೇಕು. ಬ್ಯಾಟರಿಯಿಂದ ೨೩೦ ವೋಲ್ಟು ಮಾಡುವ ಇನ್ವರ್ಟರು ಇದ್ದರೂ ಅದು ಎಲ್ಲ ಪಾಯಿಂಟುಗಳಿಗೂ ಕೊಡಬೇಕೆಂದಿಲ್ಲ. ಎರಡನೆಯದಾಗಿ, ಗೋಡೆಯ ಮನೆ ಅಲುಗುವುದಿಲ್ಲ, ಇದು ಸದಾ ಅಲುಗುತ್ತದೆ. ಹಳ್ಳಕೊಳ್ಳದ ದಾರಿಯಲ್ಲಿ ತಿರುಪುಗಳು ಸಡಿಲವಾಗುವುದು ಸಹಜ. ಮೂರನೆಯದೇ ಮುಖ್ಯ: ಇದರ ಮೈ ಲೋಹದ್ದು. ಅರ್ತು ಕಡಿದಿದ್ದು ಎಲ್ಲಿಯಾದರೂ ಫೇಸು ಮೈಗೆ ತಾಗಿದರೆ ವಾಹನವೆಲ್ಲವೂ ವಿದ್ಯುನ್ಮಯವಾಗುತ್ತದೆ. ಚಕ್ರಗಳು ರಬ್ಬರಿನವಾದುದರಿಂದ ಅದು ನೆಲಕ್ಕೆ ಇಳಿಯದು. ತೇವದ ಹುಲ್ಲಿನ ಮೇಲೆ ನಿಂತು ಬಾಗಿಲ ಹಿಡಿಯನ್ನು ಹಿಡಿದವನ ಮೂಲಕ ಇಳಿಯುತ್ತದೆ. ಬಾಗಿಲು ಮುಟ್ಟಿದಾಗ ಜುಮ್ಮೆಂದರೆ ಒಳಕ್ಕೆ ಹತ್ತದೆ, ಕಂಬದ ಬಳಿಯಲ್ಲಿಯೇ ಸ್ವಿಚ್ಚನ್ನು ಆರಿಸಿ ಕೇಬಲನ್ನು ತೆಗೆಯಿಸಬೇಕು.

ಎರಡು ಮೂಲಗಳೆಂಬ ಮಾತು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಮೈನ್ ಸ್ವಿಚ್ಚು ಆರಿಸಿದೊಡನೆ ಯು.ಪಿ.ಎಸ್. "ಕರೆಂಟು ಹೋಯಿತು" ಎಂದು ತಿಳಿದು ತನ್ನ ಬ್ಯಾಟರಿಯಿಂದ ಅದೇ ೨೩೦ ವೋಲ್ಟನ್ನು ತಂತಿಗಳಿಗೆ ತುಂಬುತ್ತದೆ. ಆದುದರಿಂದ ಮೈನು ಆರಿಸಿದ್ದೇವೆಂದು ನಿಶ್ಚಿಂತರಾಗಕೂಡದು, ಯು.ಪಿ.ಎಸ್.ಅನ್ನೂ ಆರಿಸಬೇಕು. ಛಾವಣಿಯ ಸೌರಫಲಕಗಳಿದ್ದರೆ ಅವುಗಳ ಸ್ವಿಚ್ಚನ್ನೂ ಆರಿಸಬೇಕು.

ಇನ್ನು ಎಲ್ಲಿ ನಿಲ್ಲಿಸಬೇಕೆಂಬುದು. ನಮ್ಮ ಅಭಿಪ್ರಾಯದಲ್ಲಿ ಗೃಹಸ್ಥನ ಎಲ್ಲೆಯು ಬೋರ್ಡಿನ ತಿರುಪಿನವರೆಗೆ. ಯಂತ್ರ ಬದಲಾಯಿಸಿ ನೋಡುವುದು, ವ್ಯಾಪ್ತಿಯನ್ನು ಅಳೆಯುವುದು, ಪೆಟ್ಟಿಗೆಯ ಸ್ವಿಚ್ಚುಗಳನ್ನು ನೋಡುವುದು, ಬಿಸಿ ವಾಸನೆಗಳನ್ನು ಗಮನಿಸುವುದು, ಇಷ್ಟನ್ನು ಹತ್ತು ನಿಮಿಷದಲ್ಲಿ ಯಾರಾದರೂ ಮಾಡಬಹುದು. ತಿರುಪು ಬಿಚ್ಚುವ ಕೆಲಸವು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದವರದು. ಅವರಿಗೂ ನಾವು ಕಂಡುಕೊಂಡುದನ್ನು ಕ್ರಮವಾಗಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ದುರಸ್ತಿಯಾದಮೇಲೆ "ಅರ್ತು ಇದೆಯೇ, ನೋಡಿದೆಯಾ?" ಎಂದು ಒಂದು ಮಾತು ಕೇಳಲು ಮರೆಯಬಾರದು. ಬಾಡಿಗೆಯ ಮನೆಗಳಲ್ಲಿ "ತಂತಿ ನಿಮ್ಮದು, ಯಂತ್ರ ನಮ್ಮದು" ಎಂಬ ವಾದದಲ್ಲಿ ತಿಂಗಳುಗಟ್ಟಲೆ ಕಳೆಯುತ್ತವೆ. ಮನೆಯ ಯಜಮಾನರಿಗೆ ನಮ್ಮ ವಿನಂತಿ ಇಷ್ಟೆ: ಆರ್.ಸಿ.ಸಿ.ಬಿ. ಹಾಕಿಸುವ ವೆಚ್ಚವನ್ನು ಬಾಡಿಗೆದಾರನ ಪ್ರಾಣದೊಡನೆ ತೂಗಿ ನೋಡಬೇಕು. ಬಾಡಿಗೆದಾರರೂ ಮನೆ ಒಪ್ಪಿಕೊಳ್ಳುವಾಗ ನೀರು ಬರುವುದೇ ಎಂದು ನಲ್ಲಿಯನ್ನು ತಿರುಗಿಸುವಂತೆ ಪೆಟ್ಟಿಗೆಯನ್ನೂ ತೆರೆದು ನೋಡಬೇಕು.

ಮನೆಯ ಹೊರಗೂ ಈ ವಿವೇಕವು ಬೇಕು. ೨೦೨೩ರ ನವೆಂಬರ್ ೧೯ರ ಬೆಳಗ್ಗೆ ವೈಟ್‌ಫೀಲ್ಡಿನ ಬಳಿ ಕಾಡುಗೋಡಿಯ ಹೋಪ್ ಫಾರಂ ವೃತ್ತದಲ್ಲಿ ಪಾದಚಾರಿ ಮಾರ್ಗದ ಮೇಲೆ ಕಡಿದು ಬಿದ್ದಿದ್ದ ವಿದ್ಯುತ್ತಂತಿಯನ್ನು ತುಳಿದು ಒಬ್ಬ ತಾಯಿಯೂ ಆಕೆಯ ಒಂಬತ್ತು ತಿಂಗಳ ಕೂಸೂ ಮೃತಪಟ್ಟುದನ್ನು ವಾಚಕರು ಮರೆತಿರಲಾರರು. ನೆಲದ ಮೇಲೆ ಬಿದ್ದ ತಂತಿಗೆ ಕಿಡಿಯಿಲ್ಲ, ಶಬ್ದವಿಲ್ಲ. ಕಂಡವರು ದೂರ ನಿಂತು, ಇತರರನ್ನೂ ತಡೆದು, ೧೯೧೨ಕ್ಕೆ ತಿಳಿಸಬೇಕು. ಮನೆಯಲ್ಲಿ ಯಾರಿಗಾದರೂ ಆಘಾತವಾದರೆ ಮೊದಲು ಅವರನ್ನು ಮುಟ್ಟಕೂಡದು, ಮೈನ್ ಆರಿಸಬೇಕು, ಆಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ಬಿಡಿಸಬೇಕು. ಉಸಿರಿಲ್ಲದಿದ್ದರೆ ೧೦೮ಕ್ಕೆ ಕರೆಮಾಡಿ, ಸಹಾಯ ಬರುವವರೆಗೆ ಎದೆಯ ಮಧ್ಯದಲ್ಲಿ ಬಲವಾಗಿ, ನಿಮಿಷಕ್ಕೆ ನೂರಕ್ಕೆ ಕಡಮೆಯಿಲ್ಲದಂತೆ ಒತ್ತುತ್ತಿರಬೇಕು.

ಕೊನೆಯದಾಗಿ ಎರಡು ಕೆಲಸಗಳನ್ನು ಸೂಚಿಸುತ್ತೇವೆ. ಒಂದು ಭಾನುವಾರ ಬಿಡುವು ಮಾಡಿಕೊಂಡು, ಪೆಟ್ಟಿಗೆಯ ಯಾವ ಸ್ವಿಚ್ಚು ಯಾವ ಕೋಣೆಯದೆಂದು ಒಂದೊಂದಾಗಿ ಆರಿಸಿ ನೋಡಿ, ಕನ್ನಡದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿರಿ. ಯಾವ ಪಾಯಿಂಟು ಯು.ಪಿ.ಎಸ್.ಗೆ ಸೇರಿದ್ದೆಂಬುದನ್ನೂ ಬರೆಯಿರಿ. ಎರಡನೆಯದು, ಆರ್.ಸಿ.ಸಿ.ಬಿ.ಯ ಮೇಲೆ ಪರೀಕ್ಷೆಗೆಂದು ಒಂದು ಚಿಕ್ಕ ಗುಂಡಿಯಿದೆ. ಪ್ರತಿ ತಿಂಗಳು ಈ ಪತ್ರಿಕೆಯು ಕೈಸೇರಿದ ದಿನ ಅದನ್ನು ಒಮ್ಮೆ ಒತ್ತಿರಿ. ಅದು ಬಿದ್ದರೆ ಮತ್ತೆ ಎತ್ತಿ ನಿಶ್ಚಿಂತರಾಗಿ ಓದಲು ಕುಳಿತುಕೊಳ್ಳಿರಿ. ಬೀಳದಿದ್ದರೆ ಓದುವುದನ್ನು ಬದಿಗಿಟ್ಟು ವೈರ್‌ಮನ್ನನನ್ನು ಕರೆಯಿಸಿರಿ.